ಮೂರು ಬಕೆಟ್ ಹಿಂದಿನ ಮದುವೆ

ತಂಗಿಯ ಮಗಳ ಮದುವೆಯಲ್ಲಿ ನನಗೆ ಎರಡು ಹುದ್ದೆ. ಒಂದು ತಾನಾಗಿ ಬಂದದ್ದು, ಸೋದರಮಾವ. ಇನ್ನೊಂದು ‘ನಿಂಗೆ ಕಂಪ್ಯೂಟರ್ ಗೊತ್ತಲ್ಲ’ ಎಂಬ ಒಂದೇ ಮಾತಿನಿಂದ ತಲೆಗೆ ಕಟ್ಟಿದ್ದು, ಲೈವ್ ಉಸ್ತುವಾರಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಂಪ್ಯೂಟರಿನ ಎದುರು ಕೂತವನಿಗೆ ಅದರ ಒಳಹೊರಗೆಲ್ಲ ಗೊತ್ತಿರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ಆ ಮೂವತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಹೇಳಿದ ಮಾತು ‘ಸರ್ವರ್ ಡೌನ್’ ಎಂಬುದು ಅವರಿಗೆ ತಿಳಿಯದು.

ಲೈವ್ ಬೇಕಾದದ್ದು ದೊಡ್ಡಮ್ಮನಿಗೆ. ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಮಂಡಿನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರಳು. ತೀರ್ಥಹಳ್ಳಿ ಕಡೆಯ ಸಮುದಾಯ ಭವನವೊಂದರಲ್ಲಿ, ಮೇ ತಿಂಗಳ ಮದುವೆ. ಮೊದಲ ಸಲ ಲೈವ್ ಮಾಡುವ ಚಾನೆಲ್‌ಗೆ ಯೂಟ್ಯೂಬ್ ಅನುಮತಿ ಸಿಗಲು 24 ಗಂಟೆಯವರೆಗೂ ಹಿಡಿಯಬಹುದೆಂದು ಗೊತ್ತಾಗಿ, ಚಪ್ಪರ ಹಾಕುವ ಮೊದಲೇ ಆ ಕೆಲಸ ಮುಗಿಸಿಕೊಂಡಿದ್ದೆ. ವಿಡಿಯೊ ಹುಡುಗನ ಕ್ಯಾಮೆರಾದಿಂದ ಒಂದು ವೈರು ನನ್ನ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿಗೆ ಮೊಬೈಲಿನ ಹಾಟ್‌ಸ್ಪಾಟು. ಭವನದ ಹಿಂದಿನ ಹಲಸಿನ ಮರದಡಿ ಸಿಗ್ನಲ್ಲು ನಾಲ್ಕು ಕಡ್ಡಿ, ಒಳಗೆ ಎರಡು. ಮಂಟಪವನ್ನು ಹಲಸಿನ ಮರದಡಿಗೆ ಸಾಗಿಸೋಣವೆಂದರೆ ಬಾವ ಒಪ್ಪಲಿಲ್ಲ.

ಹಿಂದಿನ ಸಂಜೆ ವರಪೂಜೆ. ಇಲ್ಲಿ ಏಳು ಗಂಟೆ, ಅಲ್ಲಿ ಬೆಳಗಿನ ಒಂಬತ್ತೂವರೆ. ಟೀವಿಯಲ್ಲಿ ಲೈವ್ ಹಚ್ಚಿಕೊಂಡು ದೊಡ್ಡಮ್ಮ ನನಗೆ ಫೋನ್ ಮಾಡಿದಳು.

‘ಏನೋ, ಗಂಡಿನ ಕಾಲು ತೊಳೆಯೋದು ಯಾವಾಗ?’

‘ಈಗ ತಾನೇ ಆಯ್ತಲ್ಲ ದೊಡ್ಡಮ್ಮ, ನೋಡಲಿಲ್ವಾ?’

‘ಇಲ್ಲಿನ್ನೂ ಚೊಂಬು ಹುಡುಕ್ತಾ ಇದ್ದಾರೆ. ಅದಿರಲಿ, ನೀನು ಕಂಬಕ್ಕೊರಗಿ ಬಾಳೆಹಣ್ಣು ತಿಂತಾ ನಿಂತಿದ್ದೀಯಲ್ಲ. ಹಾಗಾದ್ರೆ ಫೋನಲ್ಲಿ ಮಾತಾಡ್ತಿರೋದು ಯಾರು?’

ನಾನು ಕೈ ನೋಡಿಕೊಂಡೆ. ಹಣ್ಣು ಹೊಟ್ಟೆಗೆ ಹೋಗಿ, ಸಿಪ್ಪೆಯನ್ನು ಅಂಗಳದ ದನ ತಿಂದೂ ಆಗಿತ್ತು. ನ್ಯೂಜೆರ್ಸಿಯಲ್ಲಿ ಮಾತ್ರ ನಾನಿನ್ನೂ ಸಿಪ್ಪೆ ಸುಲಿಯುತ್ತಿದ್ದೆ. ಗಡಿಯಾರ ಹಿಡಿದು ಲೆಕ್ಕ ಹಾಕಿದೆ, ಸುಮಾರು ಮೂವತ್ತು ಸೆಕೆಂಡು.

ಗಂಡಿನ ಕಡೆಯ ಬಸ್ಸು ಅವತ್ತು ಒಂದೂವರೆ ಗಂಟೆ ತಡವಾಗಿ ಬಂದಿತ್ತು. ಯಾರೂ ಚಕಾರ ಎತ್ತಲಿಲ್ಲ, ಪಾನಕ ಕೊಟ್ಟು ಕೂರಿಸಿದೆವು. ಆದರೆ ಈ ಮೂವತ್ತು ಸೆಕೆಂಡು ನನ್ನ ನಿದ್ದೆಗೆಡಿಸಿತು. ಮುಹೂರ್ತದ ಗಳಿಗೆಯಲ್ಲಿ ದೊಡ್ಡಮ್ಮನ ಅಕ್ಷತೆ ಹಿಂದೆ ಬೀಳುತ್ತದಲ್ಲ! ನ್ಯೂಜೆರ್ಸಿ ದೂರವಿದೆ, ಅದಕ್ಕೇ ಹೀಗೆ ಎಂದುಕೊಂಡಿದ್ದೆ. ರಾತ್ರಿ ಊಟಕ್ಕೆ ಕೂತಾಗ ತಮ್ಮನ ಮಗ ನಕ್ಕುಬಿಟ್ಟ. ಬೆಂಗಳೂರಿನಲ್ಲಿ ಇಂಥದೇ ಕೆಲಸ ಅವನದು.

‘ದೂರ ಏನೂ ಅಲ್ಲ ದೊಡ್ಡಪ್ಪ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತೆ. ಅಮೆರಿಕ ಮುಟ್ಟೋಕೆ ಸೆಕೆಂಡಿನ ಹತ್ತನೇ ಒಂದು ಪಾಲು ಸಾಕು. ತಡ ಆಗೋದು ಬಕೆಟ್‌ನಿಂದ.’

‘ಯಾವ ಬಕೆಟ್ಟೋ?’

ಅವನು ಸಾರಿನ ಬಕೆಟ್ ಹಿಡಿದು ಬರುತ್ತಿದ್ದವನನ್ನು ತೋರಿಸಿದ. ಆಪಲ್‌ನವರು 2009ರಲ್ಲಿ ಎಚ್‌ಎಲ್‌ಎಸ್ ಎಂಬ ಪದ್ಧತಿ ತಂದರಂತೆ. ಹರಿಯುವ ವಿಡಿಯೊವನ್ನು ಹರಿದ ಹಾಗೇ ಕಳಿಸುವುದಿಲ್ಲ, ತುಂಡು ಮಾಡಿ ಕಳಿಸುತ್ತಾರೆ. ಒಂದು ತುಂಡೆಂದರೆ ಒಂದು ಬಕೆಟ್. ಮೊದಲು ಹತ್ತು ಸೆಕೆಂಡಿನ ಬಕೆಟ್ ಇತ್ತು, ಆಮೇಲೆ ಆರಕ್ಕಿಳಿಸಿದರು. ಬಕೆಟ್ ಪೂರ್ತಿ ತುಂಬದೆ ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ನೋಡುವವರ ಟೀವಿಯೂ ಹಸಿದವರ ಹಾಗೆ ಮೊದಲ ಬಕೆಟ್ಟಿಗೇ ಕೈ ಹಾಕುವುದಿಲ್ಲ, ಮೂರು ಬಕೆಟ್ ದಾಸ್ತಾನಾಗಲಿ ಎಂದು ಕಾಯುತ್ತದೆ. ಮೂರಾರಲಿ ಹದಿನೆಂಟು, ಜೊತೆಗೆ ಚಿತ್ರವನ್ನು ಅಡಕ ಮಾಡುವುದು, ಮೇಲೇರಿಸುವುದು, ಇಳಿಸಿಕೊಳ್ಳುವುದು. ಮೂವತ್ತಾಗಲು ಇನ್ನೇನು ಬೇಕು?

‘ಮೂರು ಬಕೆಟ್ ದಾಸ್ತಾನು ಯಾಕೆ ಮತ್ತೆ?’

‘ಬಡಿಸೋನು ದಾರೀಲಿ ಎಡವಿದ್ರೆ ಎಲೆ ಖಾಲಿ ಆಗಬಾರದಲ್ಲ.’

ಬಕೆಟ್ ತುಂಬುವ ಮೊದಲೇ ಸೌಟು ಸೌಟಾಗಿ ಬಡಿಸುವ ಉಪಾಯವನ್ನು 2019ರಲ್ಲಿ ಅದೇ ಆಪಲ್‌ನವರು ಪ್ರಕಟಿಸಿದರಂತೆ. ಅದಕ್ಕೂ ಚುರುಕಾದದ್ದು ವೆಬ್‌ಆರ್‌ಟಿಸಿ, ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಮುಖ ನೋಡಿ ಮಾತಾಡುವ ಕರೆಗಳೆಲ್ಲ ಆ ಜಾತಿಯವು. ‘ಅದು ಕೈತುತ್ತು ದೊಡ್ಡಪ್ಪ. ನಾಲ್ಕು ಮಕ್ಕಳನ್ನ ಸುತ್ತ ಕೂರಿಸ್ಕೊಂಡು ಹಾಕಬಹುದು. ಸಾವಿರ ಎಲೆಯ ಪಂಕ್ತಿಗೆ ಕೈತುತ್ತು ಹಾಕೋಕಾಗುತ್ತಾ?’

ಇಷ್ಟು ಚೆನ್ನಾಗಿ ತಿಳಿಸಿ ಹೇಳಿದವನು ಪಾಯಸ ಕುಡಿದು ಮಲಗಿದ. ನಾನು ಲ್ಯಾಪ್‌ಟಾಪ್ ತೆರೆದೆ. ಸೆಟ್ಟಿಂಗ್‌ನಲ್ಲಿ ಮೂರು ಸಾಲು: ನಾರ್ಮಲ್, ಲೋ, ಅಲ್ಟ್ರಾ ಲೋ. ಲೋ ಎಂದರೆ ಬಹುಪಾಲು ಜನರಿಗೆ ಹತ್ತು ಸೆಕೆಂಡಿನೊಳಗೆ, ಅಲ್ಟ್ರಾ ಲೋ ಎಂದರೆ ಐದರೊಳಗೆ. ಐದು ಇರುವಾಗ ಹತ್ತನ್ನು ಯಾರು ಆರಿಸುತ್ತಾರೆ? ತಡ ಕಮ್ಮಿ ಮಾಡಿದಷ್ಟೂ ನೋಡುವವರಿಗೆ ಬಫರಿಂಗ್ ಹೆಚ್ಚಬಹುದು ಎಂಬ ಎಚ್ಚರಿಕೆಯೂ ಇತ್ತು. ಸಣ್ಣ ಅಕ್ಷರ ಓದದೆ ಸಹಿ ಹಾಕಬೇಡಿ ಎಂದು ಮೂವತ್ತು ವರ್ಷ ಸಾಲಗಾರರಿಗೆ ಬುದ್ಧಿ ಹೇಳಿದವನು ನಾನು. ಅಲ್ಟ್ರಾ ಲೋ ಒತ್ತಿ ಮಲಗಿದೆ.

ಮುಹೂರ್ತ 10:42ಕ್ಕೆ. ಅಲ್ಲಿ ನಡುರಾತ್ರಿ ಕಳೆದು 1:12. ದೊಡ್ಡಮ್ಮ ಆ ಹೊತ್ತಿನಲ್ಲಿ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಅಕ್ಷತೆ ಇಟ್ಟುಕೊಂಡು ಕೂತಿದ್ದಳು. ಕ್ಯಾಮೆರಾ ಮುಂದೆ ಕೈ ಎತ್ತಿದೆ. ನಾಲ್ಕು ಎಣಿಸುವಷ್ಟರಲ್ಲಿ ಫೋನಿನಲ್ಲಿ ‘ಕಾಣಿಸ್ತು ಕಣೋ!’ ಎಂದಳು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಮಂಟಪದಿಂದ ಪುರೋಹಿತರ ಕೂಗು: ‘ಸೋದರಮಾವ ಎಲ್ರೀ? ಹುಡುಗಿ ಕರ್ಕೊಂಡು ಬನ್ನಿ!’

ಫೋನನ್ನು ಚಾಲೂ ಇದ್ದ ಹಾಗೆಯೇ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಹುಡುಗಿಯನ್ನು ಕರೆತಂದು ಅಂತರಪಟದ ಹಿಂದೆ ನಿಲ್ಲಿಸಿ ಪಕ್ಕದಲ್ಲಿ ನಿಂತೆ. ಪಟ ಸರಿಯಿತು, ಜೀರಿಗೆ ಬೆಲ್ಲ, ಹಾರ ಎಲ್ಲ ಆಯಿತು. ತಾಳಿಯನ್ನು ಎಲ್ಲರ ಕೈಗೆ ಮುಟ್ಟಿಸಿ ತಂದರು. ಆಗ ಮುನ್ನೂರು ಜನ ಒಟ್ಟಿಗೆ ಎದ್ದು ನಿಂತು ಮುನ್ನೂರು ಮೊಬೈಲು ಮೇಲೆತ್ತಿದರು. ಫೋಟೊ ತೆಗೆದು ಸುಮ್ಮನಿದ್ದರೆ ಬೇರೆ ಮಾತು, ಅಲ್ಲೇ ಸ್ಟೇಟಸ್ಸಿಗೂ ಏರಿಸತೊಡಗಿದರು. ಊರಿಗಿರುವುದು ಒಂದು ಟವರು. ಬಡಿಸುವವನು ಎಡವಿದ. ದೊಡ್ಡಮ್ಮನ ಎಲೆಯಲ್ಲಿ ದಾಸ್ತಾನು ಒಂದು ಸೌಟೂ ಇರಲಿಲ್ಲ, ನಾನೇ ತೆಗೆಸಿದ್ದೆ.

‘ಸುತ್ತುತ್ತಾ ಇದೆ ಕಣೋ!’ ನನ್ನ ಸೊಂಟ ಕೂಗಿತು. ‘ಸುತ್ತುತ್ತಾನೇ ಇದೆ!’

‘ಸುತ್ತೋದು ಆಮೇಲಮ್ಮ, ಮೊದಲು ತಾಳಿ’ ಎಂದರು ಪುರೋಹಿತರು, ಹೆಣ್ಣುಮಕ್ಕಳಲ್ಲಿ ಯಾರೋ ಅವಸರ ಮಾಡುತ್ತಿದ್ದಾರೆಂದು ತಿಳಿದು. ‘ಗಟ್ಟಿಮೇಳ!’

ಆ ಗದ್ದಲದಲ್ಲಿ ನಾನು ಫೋನಿಗಾಗಿ ಸೊಂಟ ತಡಕುತ್ತಿದ್ದೆ. ಅದು ಜಾರಿ ಪಂಚೆಯ ನೆರಿಗೆಯೊಳಗೆ ಇಳಿದಿತ್ತು. ಕೈಗೆ ಸಿಗುವ ಹೊತ್ತಿಗೆ ವಾಲಗ ನಿಂತಿತ್ತು. ಅಲ್ಲಿಯೂ ಚಿತ್ರ ಮರಳಿತ್ತು, ಆದರೆ ನಿಂತಲ್ಲಿಂದಲ್ಲ. ತಡವನ್ನು ಸರಿದೂಗಿಸಲು ಯಂತ್ರ ನಡುವಿನದನ್ನು ಹಾರಿ ನೇರ ಈಗಿನ ಗಳಿಗೆಗೆ ಬಂದು ಕೂತಿತ್ತು.

‘ಆಗಲೇ ಕೊರಳಲ್ಲಿದೆಯಲ್ಲೋ! ಯಾವಾಗ ಕಟ್ಟಿದ? ನನ್ನ ಅಕ್ಷತೆ ಕೈಯಲ್ಲೇ ಇದೆ. ಇನ್ನೊಂದ್ಸಲ ಕಟ್ಟಕ್ಕೆ ಹೇಳು!’

ಪುರೋಹಿತರನ್ನು ಕೇಳುವ ಧೈರ್ಯ ನನಗಿರಲಿಲ್ಲ. ಮದುಮಗನಿಗೆ ಮಾತ್ರ ಕೇಳಿಸಿತೆಂದು ಕಾಣುತ್ತದೆ, ತಾಳಿಯ ಕಡೆ ಗಾಬರಿಯಿಂದ ನೋಡಿದ.

ಊಟ ಮುಗಿದು ಒಂದೂವರೆಗೆ ನಾನೇ ಫೋನ್ ಮಾಡಿದೆ. ಲೈವ್ ಮುಗಿದು ರೆಕಾರ್ಡಿಂಗ್ ಸಿದ್ಧವಾಗಿತ್ತು. ಹೋದದ್ದೆಲ್ಲ ತಡವಾಗಿಯಾದರೂ ಪೂರ್ತಿ ಹೋಗಿತ್ತು, ಒಂದು ತುಂಡೂ ಕಳೆದಿರಲಿಲ್ಲ. ಅಲ್ಲಿ ಬೆಳಗಿನ ಜಾವ ನಾಲ್ಕು.

‘ಮಲಗಲಿಲ್ವಾ ದೊಡ್ಡಮ್ಮ?’

‘ಸೀರೆ ಉಟ್ಟಾಗಿದೆ. ಅಕ್ಷತೆ ಹಾಕದೆ ಹೇಗೆ ಬಿಚ್ಚಿಡಲಿ?’

ಒಂದು ಗಂಟೆ ಮೂವತ್ತೇಳು ನಿಮಿಷದ ಹತ್ತಿರ ಒತ್ತು ಎಂದೆ. ಒತ್ತಿದಳು. ನ್ಯೂಜೆರ್ಸಿಯಲ್ಲಿ ಗಟ್ಟಿಮೇಳ ಮೊಳಗಿತು. ಅಕ್ಷತೆ ಟೀವಿಯ ಗಾಜಿಗೆ ತಗಲಿ ಚಟಚಟನೆ ಉದುರಿದ ಸದ್ದು ನನಗೂ ಕೇಳಿಸಿತು. ಒಂದು ಗಳಿಗೆ ಮಾತಿಲ್ಲ. ಆಮೇಲೆ ಅಂದಳು:

‘ಅಲ್ವೋ, ಅವನು ಅಲ್ಲಿ ತಾಳಿ ಕಟ್ತಾ ಇದ್ರೆ, ನೀನು ಪಕ್ಕದಲ್ಲೇ ನಿಂತು ಪಂಚೆಯೊಳಗೆ ಏನು ಹುಡುಕ್ತಾ ಇದ್ದೀಯ?’

‘ಅದಿರಲಿ ದೊಡ್ಡಮ್ಮ. ಇನ್ನೊಂದ್ಸಲ ಹಚ್ಚಿ ಸರಿಯಾಗಿ ನೋಡಿ ಹೇಳು, ಮೂರು ಗಂಟೂ ಹಾಕಿದನಾ?’