ಬ್ಯಾಗಿನ ಭಾಗ್ಯ

ವಿಮಾನದಲ್ಲಿ ನಟಿ ಜೇನ್ ಬರ್ಕಿನ್ ಅವರ ಬುಟ್ಟಿಯ ಸಾಮಾನೆಲ್ಲ ಚೆಲ್ಲಾಪಿಲ್ಲಿ. ಪಕ್ಕದ ಸೀಟಿನಲ್ಲಿದ್ದವರು ಪ್ಯಾರಿಸ್ಸಿನ ಎರ್ಮೆಸ್ ಕಂಪನಿಯ ಯಜಮಾನರು. ಮಕ್ಕಳೊಂದಿಗರಿಗೆ ಒಗ್ಗುವ ಬ್ಯಾಗೇ ಇಲ್ಲವೆಂದು ಆಕೆ ಗೊಣಗಿದ್ದರ ಫಲವಾಗಿ 1984ರಲ್ಲಿ ಬರ್ಕಿನ್ ಬ್ಯಾಗು ಹುಟ್ಟಿತು.

ಎರ್ಮೆಸ್ ಎಂದರೆ 1837ರಲ್ಲಿ ಕುದುರೆಗೆ ಲಗಾಮು ಹೊಲಿಯುತ್ತಾ ಶುರುವಾದ ಮನೆತನ. ಇವತ್ತಿಗೂ ಅದೇ ಕೈಹೊಲಿಗೆ: ಮೇಣ ಸವರಿದ ಒಂದೇ ದಾರ, ಎರಡೂ ತುದಿಗೆ ಸೂಜಿ, ಒಂದೇ ತೂತಿನಲ್ಲಿ ಎದುರುಬದುರು ದಾಟಬೇಕು. ಲಗಾಮಿಲ್ಲದ್ದು ಬೆಲೆಗೆ ಮಾತ್ರ! ಕಾಸಿದ್ದರೂ ಅಂಗಡಿಗೆ ನುಗ್ಗಿ ಕೈಗೆತ್ತಿಕೊಂಡು ಬರುವಂತಿಲ್ಲ. ಅವರೇ ಗಿರಾಕಿಯನ್ನು ಅಳೆದು ತೂಗುತ್ತಾರೆ.

ಜೇನ್ ಮಾತ್ರ ತಮ್ಮದಕ್ಕೆ ಸ್ಟಿಕ್ಕರ್ ಅಂಟಿಸಿ, ನೈಲ್ ಕಟರ್ ನೇತುಹಾಕಿ, ಸಂತೆಚೀಲದಂತೆ ದುಡಿಸಿದರು. 2025ರ ಹರಾಜಿನಲ್ಲಿ ಅದೇ ಬ್ಯಾಗು, ನೈಲ್ ಕಟರ್ ಸಮೇತ, ಸುಮಾರು 86 ಲಕ್ಷ ಯೂರೋಗೆ ಹೋಯಿತು.

ನಮ್ಮ ಮನೆಯಾಕೆಗೆ ಒಂದೇ ಅನುಮಾನ: "ಅಷ್ಟು ಕೊಟ್ಟ ಮೇಲೆ ಒಳಗೆ ಹಾಕೋಕೆ ಏನ್ರೀ ಉಳಿಯುತ್ತೆ?"