ಒಂದು ಹಾಳೆಯ ಹದ್ದುಬಸ್ತು

ಕಂಪಲಾಪುರದಲ್ಲಿ ಒತ್ತುವರಿ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬದುವಿನ ಅಂಚಿನಲ್ಲಿ ಉಳುವಾಗ ನೇಗಿಲು ವರ್ಷಕ್ಕೆ ಒಂದು ಗೇಣು ಆಚೆಗೆ ವಾಲುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಗೇಣು ಮೊಳವಾಗಿದೆ. ಬದು ಸವೆಯುತ್ತದೆ, ಗಡಿಕಲ್ಲು ರಾತ್ರೋರಾತ್ರಿ ಎದ್ದು ಇನ್ನೆಲ್ಲೋ ಹೋಗಿ ಕೂರುತ್ತದೆ. ಕೇಳಿದರೆ, "ನಮ್ ತಾತನ ಕಾಲದಿಂದ್ಲೂ ಹಿಂಗೇ ಅದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಗ ಊರಿನವರು ನನ್ನ ಹತ್ತಿರ ಬರುತ್ತಾರೆ. ನಾನು ನಿವೃತ್ತ ಮೇಷ್ಟ್ರು. ಪಹಣಿ ನೋಡಿ, ಸರ್ವೆ ನಂಬರು, ಚೆಕ್ಕುಬಂದಿ ನಮೂದಿಸಿ, ಹದ್ದುಬಸ್ತು ಮಾಡಿಸಿಕೊಡಬೇಕೆಂದು ಪಿರಿಯಾಪಟ್ಟಣದ ತಹಶೀಲ್ದಾರರಿಗೆ ಅರ್ಜಿ ಟೈಪು ಮಾಡಿಕೊಡುತ್ತೇನೆ. ಕಾಸು ತೆಗೆದುಕೊಳ್ಳುವುದಿಲ್ಲ. ಅವರೆಕಾಯಿ ಕಾಲದಲ್ಲಿ ಬಂದವರನ್ನು ಬರಿಗೈಲಿ ಬನ್ನಿ ಅಂತ ಹೇಳುವುದೂ ಇಲ್ಲ.

ಊರಿನವರ ಜಮೀನಿಗೆಲ್ಲ ಅರ್ಜಿ ಬರೆಯುವ ನನ್ನ ಸ್ವಂತ ಹಿಡುವಳಿಯ ಕಥೆ ಕೇಳಿ. ಉದ್ದ 297 ಮಿಲಿಮೀಟರ್, ಅಗಲ 210 ಮಿಲಿಮೀಟರ್. ಎ4 ಹಾಳೆ ಅಂತ ಕರೆಯುತ್ತಾರೆ. ಇರುವುದು ಕಂಪ್ಯೂಟರಿನ ಪರದೆಯ ಮೇಲೆ. ಚೆಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಮೇಲೆ ಕೆಳಗೆ ಜಾರುವ ಪಟ್ಟಿ, ಪಶ್ಚಿಮಕ್ಕೆ ಅಳತೆಯ ಸ್ಕೇಲು, ದಕ್ಷಿಣಕ್ಕೆ ಪುಟ ಎಷ್ಟು ಪದ ಎಷ್ಟು ಅಂತ ಲೆಕ್ಕ ಹೇಳುವ ಪಟ್ಟಿ, ಉತ್ತರಕ್ಕೆ ಟೂಲ್‌ಬಾರು. ತಕರಾರಿರುವುದೆಲ್ಲ ಉತ್ತರದ ಗಡಿಯಲ್ಲಿ.

ಈ ತಂತ್ರಾಂಶ ಯಾವುದು, ಯಾರದು ಎಂದು ಹೇಳುವುದಿಲ್ಲ. ಒತ್ತುವರಿ ಮಾಡಿದವರ ಹೆಸರನ್ನು ಎಲ್ಲರೆದುರು ಎತ್ತಿದವನು ಮುಂದಿನ ಮಾರಿಹಬ್ಬದಲ್ಲಿ ಅವರ ಪಕ್ಕದಲ್ಲೇ ಊಟಕ್ಕೆ ಕೂರಬೇಕಾಗುತ್ತದೆ. ಮೊದಲು ಹಾಕಿಸಿಕೊಂಡಾಗ ಅದರ ನೆತ್ತಿಯ ಮೇಲೆ ಎರಡು ಸಾಲು ಗುಂಡಿಗಳಿದ್ದವು. ಉಳಿಸುವುದು, ಮುದ್ರಿಸುವುದು, ಕತ್ತರಿಸುವುದು, ಅಂಟಿಸುವುದು, ಅಕ್ಷರ ದಪ್ಪ ಮಾಡುವುದು, ಅಡಿಗೆರೆ ಎಳೆಯುವುದು. ತಹಶೀಲ್ದಾರರಿಗೆ ಬರೆಯಲು ಇಷ್ಟು ಸಾಕು, ಜಿಲ್ಲಾಧಿಕಾರಿಗೆ ಬರೆಯಲೂ ಸಾಕು. ಆಮೇಲೆ ಒಂದೊಂದಾಗಿ ಬರಲು ಶುರುವಾದವು. ಚಿತ್ರ ಬಿಡಿಸುವ ಪಟ್ಟಿ ಬಂತು. ಕೋಷ್ಟಕದ ಪಟ್ಟಿ ಬಂತು. ನಾನು ಬರೆದದ್ದನ್ನು ಇನ್ನೊಬ್ಬರು ತಿದ್ದಿದರೆ ಗುರುತು ಹಾಕುವ ಪಟ್ಟಿ ಬಂತು. ನನ್ನ ಮನೆಯಲ್ಲಿ ನನ್ನ ಬರಹ ತಿದ್ದುವವರು ನನ್ನ ಹೆಂಡತಿಯೊಬ್ಬರೇ. ಅವರು ಬಾಯಲ್ಲೇ ತಿದ್ದುತ್ತಾರೆ, ಪಟ್ಟಿಯ ಅಗತ್ಯ ಈವರೆಗೆ ಬಿದ್ದಿಲ್ಲ. ಪ್ರಿಂಟರ್ ಕೊಂಡಾಗ ಅದರ ಜೊತೆ ಒಂದು ಪಟ್ಟಿ ಬಂತು. ಪಿಡಿಎಫ್ ಮಾಡುವ ತಂತ್ರಾಂಶ ಹಾಕಿಸಿದಾಗ ಇನ್ನೊಂದು ಬಂತು. ಯಾವುದೂ "ಬರಬಹುದಾ" ಅಂತ ಕೇಳಲಿಲ್ಲ. ಕೇಳಿದ್ದು ಒಂದೋ ಎರಡೋ. ಅವೂ ಚೌಕದೊಳಗೆ ತಾವೇ ಮೊದಲು ಟಿಕ್ ಹಾಕಿಕೊಂಡು ಆಮೇಲೆ ಕೇಳಿದವು.

ಇವುಗಳಲ್ಲಿ ಕೆಲವಕ್ಕೆ ಕನ್ನಡದವನ ಹೊಲದಲ್ಲಿ ಏನು ಕೆಲಸ ಎಂಬುದು ನನಗೆ ತಿಳಿಯದು. ದೊಡ್ಡಕ್ಷರವನ್ನು ಚಿಕ್ಕದು ಮಾಡುವ, ಚಿಕ್ಕದನ್ನು ದೊಡ್ಡದು ಮಾಡುವ ಒಂದು ಗುಂಡಿ ಇದೆ. ಕನ್ನಡದಲ್ಲಿ ಅಕ್ಷರಕ್ಕೆ ಆ ಭೇದ ಇಲ್ಲವೇ ಇಲ್ಲ. ಮುಖ್ಯಮಂತ್ರಿಗೂ ಮುಸುರೆಗೂ ಒಂದೇ 'ಮು'. ಎಷ್ಟು ಸಲ ಒತ್ತಿದರೂ ಏನೂ ಆಗದ ಆ ಗುಂಡಿ, ವರ್ಷಗಟ್ಟಲೆ ಕಂದಾಯ ಕಟ್ಟದೆ ಅಲ್ಲೇ ಅನುಭವದಲ್ಲಿದೆ. ಒಳಗೊಳಗೆ ಅದರ ನೆಂಟರು ಸುಮ್ಮನೆಯೂ ಇರುತ್ತಿರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ತಂತ್ರಾಂಶಕ್ಕೆ ಅದೆಲ್ಲ ಇಂಗ್ಲಿಷಾಗಿಯೇ ಕಾಣುತ್ತಿತ್ತು. ವಾಕ್ಯದ ಮೊದಲ ಅಕ್ಷರ ಚಿಕ್ಕದಿದ್ದರೆ ತಾನಾಗಿ ದೊಡ್ಡದು ಮಾಡಿ ಉಪಕಾರ ಮಾಡುತ್ತಿತ್ತು. ಮಾಡಿದ ಕೂಡಲೇ ಇದ್ದ ಕನ್ನಡದ ಅಕ್ಷರ ಹೋಗಿ ಬೇರೆ ಯಾವುದೋ ಬಂದು ಕೂರುತ್ತಿತ್ತು. ಯೂನಿಕೋಡ್ ಬಂದು ಆ ಕಾಟ ತಪ್ಪಿತು, ಕೆಂಪು ಗೆರೆ ತಪ್ಪಲಿಲ್ಲ. ಬದುಕಿಡೀ ಮಕ್ಕಳ ಕಾಪಿ ಪುಸ್ತಕಗಳಿಗೆ ಕೆಂಪು ಗೆರೆ ಹಾಕಿದ ಮೇಷ್ಟ್ರ ಕನ್ನಡಕ್ಕೆ, ಕನ್ನಡವೇ ಬಾರದವನಿಂದ ಪದಪದಕ್ಕೂ ಕೆಂಪು ಗೆರೆ.

ತೆರವು ಕಾರ್ಯಾಚರಣೆಗೆ ನಾನು ಕರೆಯುವುದು ಹೆದ್ದಾರಿ ಬದಿಯ ಜೆರಾಕ್ಸ್ ಅಂಗಡಿಯ ಹುಡುಗನನ್ನು. ತಂಬಾಕು ಹರಾಜಿನ ತಿಂಗಳುಗಳಲ್ಲಿ ಅವನು ಕೈಗೆ ಸಿಗುವುದಿಲ್ಲ. ನಮ್ಮೂರಿನ ಹರಾಜು ಮಾರುಕಟ್ಟೆಗೆ ಬೇಲು ತಂದವರು ಪಾಸ್‌ಬುಕ್ಕು, ಆಧಾರ್ ಹಿಡಿದು ಅವನ ಅಂಗಡಿ ಮುಂದೆ ನಿಂತಿರುತ್ತಾರೆ. ಬಿಡುವಾದಾಗ ಬಂದು ಪಟ್ಟಿಗಳ ಮೇಲೆ ರೈಟ್ ಕ್ಲಿಕ್ ಮಾಡಿದ. ಉದ್ದನೆಯ ಯಾದಿ ಇಳಿಯಿತು.

"ಮೇಷ್ಟ್ರೇ, ಇದು ಬೇಕಾ ನಿಮ್ಗೆ?"

"ಬೇಡಪ್ಪ."

"ಇದು?"

"ಏನದು?"

"ನಂಗೂ ಗೊತ್ತಿಲ್ಲ ಸಾ. ಇರ್ಲಿ ಬುಡಿ, ಮುಂದ್ಕೆ ಬೇಕಾಯ್ತದೆ."

ಮುಂದ್ಕೆ ಬೇಕಾಯ್ತದೆ ಅಂತ ಹಿಂದಿನವರು ಬಿಟ್ಟ ಗೋಮಾಳಗಳಿಗೆಲ್ಲ ಏನು ಗತಿಯಾಗಿದೆ ಎಂದು ಅವನಿಗೆ ವಿವರಿಸಿದೆ. ಎಲ್ಲ ಟಿಕ್ ತೆಗೆದು, ಹಾಳೆಯನ್ನು ಹಸನು ಮಾಡಿ ಹೋದ. ಬೆಳಿಗ್ಗೆ ತೆರೆದರೆ ಪಿಡಿಎಫ್ ಪಟ್ಟಿ ಅದೇ ಜಾಗದಲ್ಲಿ ಅದೇ ಗತ್ತಿನಲ್ಲಿ ಕುಳಿತಿತ್ತು.

ಇದಕ್ಕೆ ಕಾರಣವಿದೆ. ಆ ಪಟ್ಟಿ ತಂತ್ರಾಂಶದ ಸ್ವಂತದ್ದಲ್ಲ. ಆಡ್-ಇನ್ ಎಂಬ ಇನ್ನೊಂದು ಚಿಕ್ಕ ತಂತ್ರಾಂಶ ಒಳಗೆ ಸೇರಿಕೊಂಡಿರುತ್ತದೆ. ನಾವು ಬಾಗಿಲು ತೆರೆದಾಗಲೆಲ್ಲ ಅದೂ ಏಳುತ್ತದೆ, ಎದ್ದ ಕೂಡಲೇ ತನ್ನ ಪಟ್ಟಿಯನ್ನು ಹೊಸದಾಗಿ ಹಾಸುತ್ತದೆ. ಮೇಲಿನಿಂದ ಟಿಕ್ ತೆಗೆದರೆ ಪಟ್ಟಿ ಆವತ್ತಿಗೆ ಮರೆಯಾಗುತ್ತದೆ ಅಷ್ಟೆ. ಬೇರು ಕೀಳಬೇಕಾದರೆ ಆಯ್ಕೆಗಳ ಒಳಹೊಕ್ಕು, ಆಡ್-ಇನ್‌ಗಳ ಯಾದಿ ಹುಡುಕಿ, ಅಲ್ಲಿ ಟಿಕ್ ತೆಗೆಯಬೇಕು. ಹುಡುಗ ಅಲ್ಲಿಗೂ ಹೋದ. ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು ಎಂಬ ಉತ್ತರ ಬಂತು. ಮನೆ ನನ್ನದು, ಮೇಜು ನನ್ನದು, ಕಂಪ್ಯೂಟರು ನನ್ನದು, ಕರೆಂಟು ಬಿಲ್ಲು ನನ್ನದು. ಅನುಮತಿ ಮಾತ್ರ ಇನ್ಯಾರದೋ! ಕಂದಾಯದ ಕಾಗದಪತ್ರದಲ್ಲಿ ಪಳಗಿದವನಿಗೆ ಇದೇನು ಹೊಸದಲ್ಲ. ಇಲ್ಲಿ ತಹಶೀಲ್ದಾರರು ತೆರವಿಗೆ ಆದೇಶ ಮಾಡಿದರೆ, ಎದುರು ಪಾರ್ಟಿ ಹುಣಸೂರಿನ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿ ಹಾಕಿ ತಡೆಯಾಜ್ಞೆ ತಂದಿರುತ್ತಾನೆ.

ಒತ್ತುವರಿಗೆ ಇನ್ನೊಂದು ಆಯಾಮವಿದೆ. ಕಾಗದ ಉದ್ದವಾಗಿದೆ, ಪರದೆ ಅಗಲವಾಗಿದೆ. ಮೊದಲಿನ ಡಬ್ಬಿ ಪರದೆಗಳು ಹೆಚ್ಚುಕಮ್ಮಿ ಚೌಕವಾಗಿದ್ದವು. ಸಿನಿಮಾ ನೋಡಲು ಅನುಕೂಲವಾಗಲಿ ಎಂದು ಪರದೆಗಳು ಅಡ್ಡಡ್ಡ ಬೆಳೆದವು. ನನ್ನಂಥವರ ಲ್ಯಾಪ್‌ಟಾಪುಗಳಲ್ಲಿ ಅಡ್ಡಕ್ಕೆ 1366 ಚುಕ್ಕೆ, ಎತ್ತರಕ್ಕೆ 768 ಚುಕ್ಕೆ. ಎಡಕ್ಕೆ ಬಲಕ್ಕೆ ಎಕರೆಗಟ್ಟಲೆ ಬೀಳುಬಿದ್ದಿದೆ. ಅತ್ತ ಒಂದು ಪಟ್ಟಿಯೂ ಹೋಗುವುದಿಲ್ಲ. ಎಲ್ಲವೂ ಕಡಿಮೆ ಇರುವ ಎತ್ತರದಲ್ಲೇ ಒಂದರ ಕೆಳಗೊಂದು ಮಲಗುತ್ತವೆ. ಕೊನೆಗೆ ಅರ್ಜಿಯಲ್ಲಿ 'ಮಾನ್ಯರೇ' ಕಂಡರೆ 'ವಿಷಯ' ಕಾಣುವುದಿಲ್ಲ, 'ವಿಷಯ' ಕಂಡರೆ 'ಮಾನ್ಯರು' ಮೇಲಕ್ಕೆ ಹೋಗಿರುತ್ತಾರೆ.

ಇದು ಎಲ್ಲಿಂದ ಶುರುವಾಯಿತು ಎಂದು ಹಳೆ ದಾಖಲೆ ತೆಗೆದು ನೋಡಿದೆ. ದಾಖಲೆಯಲ್ಲಿರುವವರ ಹೆಸರು ಹೇಳಲು ಅಡ್ಡಿಯಿಲ್ಲ. 1978ರಲ್ಲಿ ವರ್ಡ್‌ಸ್ಟಾರ್ ಎಂಬ ಬರೆಯುವ ತಂತ್ರಾಂಶ ಬಂತು. ಆಗಿನ ಪರದೆಯಲ್ಲಿ ಹಿಡಿಸುತ್ತಿದ್ದದ್ದು ಇಪ್ಪತ್ತನಾಲ್ಕು ಸಾಲು. ಅದರಲ್ಲೂ ಮೇಲಿನ ಒಂದು ದೊಡ್ಡ ಪಾಲನ್ನು ಆಜ್ಞೆಗಳ ಯಾದಿ ತಿನ್ನುತ್ತಿತ್ತು. ಆದರೆ ಅದನ್ನು ಮಾಡಿದವರು ಒಂದು ಮರ್ಯಾದೆ ಇಟ್ಟುಕೊಂಡಿದ್ದರು. ಸಹಾಯದ ಮಟ್ಟ ಎಂಬ ವ್ಯವಸ್ಥೆ ಇತ್ತು, ಸೊನ್ನೆಯಿಂದ ಮೂರರವರೆಗೆ. ಹೊಸಬನಾದರೆ ಮೂರು ಅಂತ ಇಟ್ಟುಕೊಳ್ಳಬಹುದು, ಎಲ್ಲ ಯಾದಿಯೂ ಕಾಣುತ್ತದೆ. ಕೈ ಪಳಗಿದ ಮೇಲೆ ಸೊನ್ನೆ ಮಾಡಿದರೆ ಯಾದಿ ತೊಲಗಿ ಅಷ್ಟೂ ಜಾಗ ಬರೆಯುವವನಿಗೆ ಬರುತ್ತದೆ. ಎಷ್ಟು ಸಹಾಯ ಬೇಕೆಂದು ತೀರ್ಮಾನಿಸುವವನು ಬರೆಯುವವನೇ. ದೊಡ್ಡ ದೊಡ್ಡ ಕಾದಂಬರಿ ಬರೆಯುವ ಅಮೆರಿಕದ ಜಾರ್ಜ್ ಆರ್.ಆರ್. ಮಾರ್ಟಿನ್, ತಾವು ಈಗಲೂ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4.0ರಲ್ಲೇ ಬರೆಯುವುದೆಂದು 2014ರಲ್ಲಿ ಟಿವಿಯಲ್ಲಿ ಹೇಳಿದರು. ಅಕ್ಷರ ತಿದ್ದಲು ಬರುವ ಯಂತ್ರ ತಮಗೆ ಬೇಡ ಎಂಬುದು ಅವರು ಕೊಟ್ಟ ಕಾರಣ. ಓದಿ ಬಹಳ ಸಮಾಧಾನವಾಯಿತು.

ಮುಂದಿನ ಪುಟಗಳಲ್ಲಿ ಆ ಮರ್ಯಾದೆ ಕಾಣುವುದಿಲ್ಲ. ಮೈಕ್ರೋಸಾಫ್ಟ್ ವರ್ಡ್‌ನ ಲೆಕ್ಕವನ್ನು ಆ ಕಂಪನಿಯಲ್ಲೇ ಈ ಪಟ್ಟಿ, ಗುಂಡಿಗಳ ಕೆಲಸ ನೋಡಿಕೊಳ್ಳುತ್ತಿದ್ದ ಜೆನ್ಸನ್ ಹ್ಯಾರಿಸ್ ಬರೆದಿಟ್ಟಿದ್ದಾರೆ. ಮೊದಲ ಆವೃತ್ತಿಯಲ್ಲಿ ಸುಮಾರು ನೂರು ಆಜ್ಞೆಗಳಿದ್ದವು. 2003ರ ಹೊತ್ತಿಗೆ ಅವು 1500 ದಾಟಿ, ಟೂಲ್‌ಬಾರುಗಳೇ 31 ಆಗಿದ್ದವು. ಅಷ್ಟಿದ್ದೂ ಜನ ಒತ್ತುತ್ತಿದ್ದದ್ದು ಯಾವುದನ್ನು? ಅಂಟಿಸು, ಉಳಿಸು, ನಕಲಿಸು, ಹಿಂದಕ್ಕೆ ಹೋಗು, ದಪ್ಪ ಮಾಡು. ಒಟ್ಟು ಬಳಕೆಯ ಸುಮಾರು ಶೇಕಡ 32ರಷ್ಟು ಈ ಐದರದೇ. ನಡುವೆ ಅದೇ ಕಂಪನಿಯ 1997ರ ಆಫೀಸ್‌ನಲ್ಲಿ ಕಣ್ಣು ಪಿಳಿಪಿಳಿ ಬಿಡುವ ಕಾಗದದ ಕ್ಲಿಪ್ಪೊಂದು ಬಂದು, ಪತ್ರ ಬರೆಯುತ್ತಿರುವ ಹಾಗಿದೆ, ಕೈಜೋಡಿಸಲೇ ಎಂದು ಲೋಕವನ್ನೆಲ್ಲ ಪೀಡಿಸಿ, 2007ರಲ್ಲಿ ನಿವೃತ್ತಿಯಾಯಿತು. ಅದೇ 2007ರಲ್ಲಿ ಟೂಲ್‌ಬಾರುಗಳನ್ನೆಲ್ಲ ಒಟ್ಟುಮಾಡಿ ರಿಬ್ಬನ್ ಎಂಬ ಒಂದೇ ಅಗಲದ ಪಟ್ಟಿ ಮಾಡಿದರು. ಅಣ್ಣತಮ್ಮಂದಿರ ಒತ್ತುವರಿಗಳನ್ನೆಲ್ಲ ಕೂಡಿಸಿ ಒಂದೇ ಖಾತೆ ಮಾಡಿಕೊಟ್ಟ ಹಾಗಾಯಿತು. ಕಂಟ್ರೋಲ್ ಹಿಡಿದು ಎಫ್1 ಒತ್ತಿದರೆ ಅದು ಮಡಚಿಕೊಳ್ಳುತ್ತದೆ ಎಂಬುದೊಂದು ಪುಣ್ಯ.

ಇಷ್ಟರ ಎದುರಿಗೆ ನಮ್ಮ ಕಡೆಯವರ ಕೆಲಸ ನೋಡಿ. ಸ್ವರ, ವ್ಯಂಜನ, ಅವುಗಳ ಕಾಗುಣಿತ, ಕೆಳಗೆ ಒತ್ತು, ಒತ್ತಿಗೆ ಇನ್ನೊಂದು ಒತ್ತು. ಇಷ್ಟು ದೊಡ್ಡ ಸಂಸಾರವನ್ನು ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳ ಒಳಗೇ ನೆಮ್ಮದಿಯಾಗಿ ನೆಲೆಗೊಳಿಸಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಇರುವುದು ಅದೇ ವಿನ್ಯಾಸ. ಒತ್ತು ಕೊಡಲು ಎಫ್ ಕೀಲಿ ಒಂದೇ ಸಾಕು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ತಂದು, ಕೀಲಿಮಣೆ ಕಲಿಯದವರೂ ಉಚ್ಚಾರಣೆಯಂತೆ ಇಂಗ್ಲಿಷಿನಲ್ಲಿ ಕುಟ್ಟಿ ಕನ್ನಡ ಪಡೆಯುವ ಹಾಗೆ ಮಾಡಿದರು. ಒಂದು ಇಡೀ ಭಾಷೆಗೆ 26 ಕೀಲಿ ಸಾಲುತ್ತದೆ, ಅದನ್ನು ಬರೆದಿಡುವ ಹಾಳೆಗೆ ಮಾತ್ರ 1500 ಆಜ್ಞೆಗಳ ಕಾವಲು.

ಹಾಗೆಂದು ನಾನು ಟೂಲ್‌ಬಾರುಗಳ ವಿರೋಧಿಯಲ್ಲ. ಲಗ್ನಪತ್ರಿಕೆ ಮಾಡುವವರಿಗೆ ಬಣ್ಣದ ಪಟ್ಟಿ ಬೇಕು, ಸಹಕಾರ ಸಂಘದ ಗುಮಾಸ್ತರಿಗೆ ಕೋಷ್ಟಕದ ಪಟ್ಟಿ ಬೇಕು. ಅವರಿಗೆ ಅದು ದಕ್ಕಲಿ. ನನ್ನ ಮನವಿ ಸಣ್ಣದು. ಒಂದು, ಬರುವ ಮುಂಚೆ ಕೇಳಬೇಕು, ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. ಎರಡು, ವರ್ಡ್‌ಸ್ಟಾರ್ ಕಾಲದ ಸೊನ್ನೆಯಿಂದ ಮೂರರ ಆ ಪದ್ಧತಿ ಮತ್ತೆ ಬರಬೇಕು. ಮೂರು, ಸೇರಿಸುವಾಗ ನನ್ನಿಂದ ಕೇಳದ ಅನುಮತಿಯನ್ನು ತೆಗೆಯುವಾಗ ನನ್ನಿಂದ ಕೇಳಬಾರದು.

ಮನವಿ ಯಾರಿಗೂ ತಲುಪಿದ ಹಾಗಿಲ್ಲ. 2025ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಮನೆಬಳಕೆಯ ಚಂದಾದಾರರಿಗೆ ಕೋಪೈಲಟ್ ಎಂಬ ಬರೆದುಕೊಡುವ ಸಹಾಯಕನನ್ನು ಸೇರಿಸಿ ದರವನ್ನೂ ಏರಿಸಿತು. ಸಹಾಯಕನಿಲ್ಲದ ಹಳೆ ದರದ ಯೋಜನೆಯೂ ಇದೆ ಎಂಬುದನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಎಂದು ಆರೋಪಿಸಿ, ಅದೇ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಕೋರ್ಟಿಗೇ ಹೋಯಿತು. ಒತ್ತುವರಿ ತಕರಾರು ಕೊನೆಗೆ ಕೋರ್ಟಿಗೇ ಹೋಗುತ್ತದೆ ಎಂಬ ನಮ್ಮೂರಿನ ಅನುಭವ ಅಲ್ಲಿಗೂ ಹೊಂದುತ್ತದೆ.

ಈ ಸಹಾಯಕರ ಕುಲ ಈಗ ಎಲ್ಲೆಡೆ ಹಬ್ಬಿದೆ. ನನ್ನ ತಂತ್ರಾಂಶದಲ್ಲೂ ಒಂದು ಬಂದು ಸೇರಿಕೊಂಡಿದೆ. ಹಿಂದಿನವರು ಉತ್ತರದ ಗಡಿಯಲ್ಲಿ ಇರುತ್ತಿದ್ದರು, ಇದು ಹೊಲದ ನಡುವಿಗೇ ಇಳಿದಿದೆ. ಹದ್ದುಬಸ್ತು ಅರ್ಜಿ ಬರೆಸಲು ಬಂದ ಗೌಡರೊಬ್ಬರು ಪಕ್ಕದ ಕುರ್ಚಿಯಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದರು.

"ಅದೇನ್ ಮೇಷ್ಟ್ರೇ, ಸಾಲಿನ ಪಕ್ಕದಲ್ಲಿ ಮಿಣಮಿಣ ಅಂತದೆ?"

"ಅರ್ಜಿ ನಾನೇ ಬರ್ಕೊಡ್ಲಾ ಅಂತ ಕೇಳ್ತದೆ ಗೌಡ್ರೇ."

"ಅದುಕ್ಕೆ ನಮ್ ಸರ್ವೆ ನಂಬರು ಗೊತ್ತಾ?"

"ಇಲ್ಲ."

"ಬದು ಮ್ಯಾಲಿನ ಹೊಂಗೆ ಮರ ನಾವು ನೆಟ್ಟಿದ್ದೋ, ಅವ್ರು ನೆಟ್ಟಿದ್ದೋ, ಅದಾದ್ರೂ ಗೊತ್ತಾ?"

"ಅದೂ ಗೊತ್ತಿಲ್ಲ."

"ದುಡ್ಡು ಈಸ್ಕತದಾ?"

"ಚಂದಾದ ಜೊತೇಲೇ ಸೇರಿಸ್ಕತದೆ."

ಗೌಡರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಹಂಗಾರೆ ಬುಡಿ ಅತ್ಲಾಗೆ. ಕರೀದೆ ಬಂದೋನು ಕೂಲಿಗೆ ಬಂದಿಲ್ಲ, ಪಾಲಿಗೆ ಬಂದವ್ನೆ."

ಪಕ್ಕದ ಜಮೀನಿನವರ ವಿಚಾರಕ್ಕೂ ಆ ಮಾತು ಚೆನ್ನಾಗಿ ಹೊಂದುತ್ತಿತ್ತು. ಅರ್ಜಿಯ ಮೂರನೇ ಪ್ಯಾರಾದಲ್ಲಿ ಇದ್ದ ಹಾಗೇ ಸೇರಿಸಿದೆ. 'ಬಂದವ್ನೆ' ಎಂದು ಮುಗಿಸುವಷ್ಟರಲ್ಲಿ ಕೆಳಗೆ ಕೆಂಪು ಗೆರೆ ಬಿತ್ತು. ಬೀಳಲಿ. ತಹಶೀಲ್ದಾರರ ಕೈಗೆ ಹೋಗುವುದು ಮುದ್ರಿತ ಪ್ರತಿ, ಕೆಂಪು ಗೆರೆ ಮುದ್ರಣವಾಗುವುದಿಲ್ಲ.