ಸ್ವಲ್ಪ ಎಡಕ್ಕೆ ಬಂದಿದ್ದರೆ...

ಡಾಗೆರೆ ಎಂಬ ಫ್ರೆಂಚ್ ಮಹಾಶಯ ಕಂಡುಹಿಡಿದ ಫೋಟೋ ತೆಗೆಯುವ ವಿಧಾನವನ್ನು ಅಲ್ಲಿನ ಸರ್ಕಾರ 1839ರ ಆಗಸ್ಟ್ 19ರಂದು ಜಗತ್ತಿಗೆ ಪುಕ್ಕಟೆಯಾಗಿ ಬಿಟ್ಟುಕೊಟ್ಟಿತು. ಫೋಟೋ ತೆಗೆದವರಿಗೆ ಪುಕ್ಕಟೆ ಸಲಹೆ ಸಿಗತೊಡಗಿದ್ದು ಆಗಸ್ಟ್ 20ರಿಂದ ಇರಬೇಕು. ಮೊದಲನೆಯದರ ನೆನಪಿಗೆ ಛಾಯಾಗ್ರಾಹಕರ ಸಂಘಗಳು ವರ್ಷಕ್ಕೊಂದು ದಿನ ಹಾರ ತುರಾಯಿಗಳೊಂದಿಗೆ ಸಮಾರಂಭ ಮಾಡುತ್ತವೆ. ಎರಡನೆಯದರ ಸಮಾರಂಭ ನ್ಯಾಮತಿಯಲ್ಲಿ ದಿನಾ ಸಂಜೆ, ಮಂಡಕ್ಕಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ನಡೆಯುತ್ತದೆ. ಅದರ ಅಧ್ಯಕ್ಷರು, ಮುಖ್ಯ ಅತಿಥಿಗಳು, ವಂದನಾರ್ಪಣೆ ಮಾಡುವವರು ಎಲ್ಲ ಒಬ್ಬರೇ: ನಮ್ಮ ಕರೆಂಟ್ ಸಾಹೇಬರು.

ಸಾಹೇಬರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ನಿಮ್ಮೂರಿನಲ್ಲಿ ಇವರು ಬ್ಯಾಂಕಿನಿಂದಲೋ ಹೈಸ್ಕೂಲಿನಿಂದಲೋ ನಿವೃತ್ತರಾಗಿರಬಹುದು. ಆಸಾಮಿ ಮಾತ್ರ ಇವರೇ. ಅಂಗಿ ಜೇಬಿನಲ್ಲಿ ಓದುವ ಕನ್ನಡಕ, ಕೈಯಲ್ಲಿ ಮಗ ಬೆಂಗಳೂರಿನಿಂದ ಕಳಿಸಿದ ದೊಡ್ಡ ಫೋನು. ಕ್ಯಾಮೆರಾ ಎಲ್ಲಿ ಎಂದು ಕೇಳಿದವರಿಗೆ, "ಸಾರು ಉಪ್ಪಾಗೈತೆ ಅನ್ನೋಕೆ ನಾನೇ ಸೌಟು ಹಿಡೀಬೇಕೇನ್ರಿ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ತಾಲ್ಲೂಕಿಗೆ ಬೇಕಾದ ಹುದ್ದೆಗಳಿಗೆಲ್ಲ ಸರ್ಕಾರ ಒಂದೊಂದಾಗಿ ಮಂಜೂರಾತಿ ಕೊಟ್ಟಿತು, ಫೋಟೋ ವಿಮರ್ಶಕರ ಹುದ್ದೆಯೊಂದನ್ನು ಮರೆಯಿತು. ಅದನ್ನು ಸಾಹೇಬರು ಗೌರವಧನವಿಲ್ಲದೆ, ರಜೆಯಿಲ್ಲದೆ ತುಂಬಿದ್ದಾರೆ.

ವಿಮರ್ಶೆಗೆ ಒಂದು ಕ್ರಮವಿದೆ. ಫೋಟೋ ತೆಗೆದ ಹುಡುಗ ಫೋನು ಚಾಚುತ್ತಾನೆ. ಸಾಹೇಬರು ಮಿರ್ಚಿ ಹಿಡಿದಿದ್ದ ಕೈಯಲ್ಲೇ ಅದನ್ನು ಇಸಿದುಕೊಂಡು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ, "ಫೋಕಸ್ ಇಲ್ಲ ಕಣಪ್ಪ, ಎಲ್ಲ ಮಂಜು ಮಂಜು" ಎನ್ನುತ್ತಾರೆ. ಹುಡುಗ ಫೋನು ಹಿಂದಕ್ಕೆ ಪಡೆದು ಗಾಜಿನ ಮೇಲಿನ ಎಣ್ಣೆಯನ್ನು ಅಂಗಿ ತುದಿಯಿಂದ ಒರೆಸಿ ಕೊಟ್ಟರೆ, "ಹಾಂ, ಈಗ ಪರವಾಗಿಲ್ಲ. ಹೇಳಿದ್ರೆ ತಿದ್ಕೋತೀಯ, ಅದೇ ಸಂತೋಷ."

ಮೊದಲು ಮೆಚ್ಚುಗೆ, ಆಮೇಲೆ ತಪ್ಪು ಹೇಳಬೇಕು ಎಂಬುದನ್ನು ಸಾಹೇಬರು ಎಲ್ಲೋ ಓದಿದ್ದಾರೆ, ಪಾಲಿಸುತ್ತಲೂ ಇದ್ದಾರೆ. "ಕ್ಯಾಮೆರಾ ಚೆನ್ನಾಗೈತೆ. ಎಷ್ಟು ಬಿತ್ತು?" ಅಲ್ಲಿಗೆ ಮೆಚ್ಚುಗೆ ಮುಗಿಯಿತು. ಉಳಿದ ಮುಕ್ಕಾಲು ಗಂಟೆ ತಪ್ಪುಗಳದ್ದು.

ತಪ್ಪುಗಳಲ್ಲಿ ಹಿರಿಯದು ನಿಂತ ಜಾಗ. ಸಾಹೇಬರ ಪ್ರಕಾರ ಫೋಟೋಗ್ರಾಫರ್ ಯಾವತ್ತೂ ಎರಡು ಹೆಜ್ಜೆ ಬಲಕ್ಕೇ ನಿಂತಿರುತ್ತಾನೆ. ತೀರ್ಥರಾಮೇಶ್ವರದ ಬೆಟ್ಟ ಹತ್ತಿ ಕಣಿವೆಯ ಮಂಜನ್ನು ಹಿಡಿದು ತಂದ ಹುಡುಗನಿಗೂ ಅದೇ ಮಾತು: "ಸ್ವಲ್ಪ ಎಡಕ್ಕೆ ಬಂದಿದ್ರೆ ಎಲ್ಲಿಗೋ ಹೋಗ್ತಿತ್ತು ನೋಡು ಈ ಫೋಟೋ."

"ಎಡಕ್ಕೆ ಬಂದಿದ್ರೆ ನಾನೇ ಎಲ್ಲಿಗೋ ಹೋಗ್ತಿದ್ದೆ ಸಾರ್. ಅಲ್ಲಿ ಕಾಲಿಡೋಕೆ ನೆಲ ಇಲ್ಲ."

"ಕಲೆ ಅಂದ್ಮೇಲೆ ತ್ಯಾಗ ಬೇಕಪ್ಪ."

ಬೆಳಗುತ್ತಿ ಕಡೆಯ ಮೆಕ್ಕೆಜೋಳದ ಹೊಲದ ಮೇಲೆ ಸೂರ್ಯ ಮುಳುಗುವ ಚಿತ್ರ ಬಂದಾಗ ಸಾಹೇಬರ ಹುಬ್ಬು ಗಂಟಿಕ್ಕಿತು. "ಎಲ್ಲ ಸರಿ. ಸೂರ್ಯನ ಹೊಟ್ಟೆ ಮೇಲೆ ಕರೆಂಟ್ ತಂತಿ ಯಾಕೆ ಬಿಟ್ಟೆ?" ಹುಡುಗ ಮೆಲ್ಲಗೆ, "ಸಾರ್, ಆ ಲೈನ್ ಎಳೆಸಿದ್ದು ನೀವೇ ಅಂತ ಅಪ್ಪ ಹೇಳ್ತಿದ್ರು" ಎಂದ. ಸಾಹೇಬರು ತಡವರಿಸಲಿಲ್ಲ. "ಆಗ ನನಗಿನ್ನೂ ಫೋಟೋಗ್ರಫಿ ಹುಚ್ಚು ಹತ್ತಿರಲಿಲ್ಲ."

ಬತ್ತಳಿಕೆಯ ಬ್ರಹ್ಮಾಸ್ತ್ರ ಎಂದರೆ 'ರೂಲ್ ಆಫ್ ಥರ್ಡ್ಸ್'. ಚಿತ್ರದ ಮೇಲೆ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಗೆರೆ ಎಳೆದಂತೆ ಊಹಿಸಿಕೊಂಡು, ಮುಖ್ಯವಾದದ್ದನ್ನು ನಟ್ಟನಡುವೆ ಇಡದೆ ಗೆರೆಗಳು ಕೂಡುವ ಕಡೆ ಇಡುವುದು ಈ ಸೂತ್ರ. ಇದಕ್ಕೆ ಹೆಸರಿಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ, 1797ರಲ್ಲಿ. ಆಗ ಫೋಟೋ ಎಂಬುದು ಹುಟ್ಟಿಯೇ ಇರಲಿಲ್ಲ. ಅವನು ಹೇಳಿದ್ದು ಹಳ್ಳಿಗಾಡಿನ ದೃಶ್ಯ ಬರೆಯುವ ಚಿತ್ರಕಾರರಿಗೆ. ನೆಲ-ಆಕಾಶ, ಬೆಳಕು-ನೆರಳು ಸಮಪಾಲಾಗದೆ ಒಂದಕ್ಕೆ ಎರಡರಂತೆ ಇದ್ದರೆ ಕಣ್ಣಿಗೆ ಹಿತ ಎಂದ. ಒಳ್ಳೆಯ ಮಾತೇ. ಸಾಹೇಬರು ಅದನ್ನು ಮದುವೆ ಮನೆಗೂ ಒಯ್ದರು. "ಗಂಡು ಹೆಣ್ಣು ನಡುವೆ ಯಾಕೆ ನಿಂತಾರೆ? ಬಲಗಡೆಗೆ ಸರಿಸ್ಬೇಕಿತ್ತು." ಹಾಗೆ ಸರಿಸಿದ್ದರೆ ಚಿತ್ರದ ನಡುವೆ ವಿಡಿಯೋದವನ ಲೈಟ್ ಸ್ಟ್ಯಾಂಡು, ಅದಕ್ಕೊರಗಿ ನಿದ್ದೆಹೋದ ಅವನ ಸಹಾಯಕ ಉಳಿಯುತ್ತಿದ್ದರು. ತಾಳಿ ಕಟ್ಟಿದ ಮೇಲೂ ಮದುಮಕ್ಕಳಿಗೆ ಸ್ವಂತ ಮಂಟಪದ ನಡುವೆ ನಿಲ್ಲುವ ಹಕ್ಕಿಲ್ಲ.

ಆದರೆ ಬಸ್ ನಿಲ್ದಾಣದ ಹತ್ತಿರ ಎದ್ದುನಿಂತ ಹುಟ್ಟುಹಬ್ಬದ ಫ್ಲೆಕ್ಸ್ ಎದುರು ಈ ಸೂತ್ರ ಮೌನ ತಾಳುತ್ತದೆ. ನಡುವೆ ಕೈಮುಗಿದ ನಾಯಕರು, ಸುತ್ತ ಅಂಚೆಚೀಟಿಯಷ್ಟಗಲದ ನಲವತ್ತು ಮುಖ. ಹುಡುಗರು ಕೆಣಕಿದರೆ ಸಾಹೇಬರು ಅತ್ತಿತ್ತ ನೋಡಿ, "ಅದು ಬೇರೆ ಪ್ರಕಾರ" ಎಂದು ಚಹಾ ಹೇಳುತ್ತಾರೆ. ದೊಡ್ಡ ಅಧಿಕಾರಿಗಳು ತೆಗೆದ ಸೂರ್ಯಾಸ್ತದಲ್ಲೂ ತಂತಿಗಳಿರುತ್ತವೆ. ಆಗ ಅವು "ಲೀಡಿಂಗ್ ಲೈನ್ಸ್" ಆಗುತ್ತವೆ.

ಕಾಡುಪ್ರಾಣಿಯ ಚಿತ್ರಕ್ಕೆ ಬೇರೆಯೇ ಅಳತೆಗೋಲು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿ ಅಭಯಾರಣ್ಯವಾಯಿತು. ನಾಲ್ಕು ಕೊಂಬಿನ ಈ ಜಿಂಕೆಯಂಥ ಪ್ರಾಣಿ ನಾಚಿಕೆಯದು. ಕಂಡಿತು ಎನ್ನುವಷ್ಟರಲ್ಲಿ ಪೊದೆ ಸೇರಿರುತ್ತದೆ. ಬೆಳಗಿನ ಜಾವ ಎದ್ದು ಹೋದ ಹುಡುಗನೊಬ್ಬ ಹೇಗೋ ಒಂದನ್ನು ಹಿಡಿದು ತಂದಿದ್ದ.

"ನಾಲ್ಕು ಕೊಂಬು ಅಂತಾರೆ, ಇದರಾಗೆ ಒಂದೂ ಇಲ್ಲವಲ್ಲೋ?"

"ಇದು ಹೆಣ್ಣು ಸಾರ್. ಕೊಂಬು ಇರೋದು ಗಂಡಿಗೆ ಮಾತ್ರ."

"ಹಂಗಾದ್ರೆ ಗಂಡು ಬರೋವರೆಗೂ ಕಾಯಬೇಕಿತ್ತು. ತಾಳ್ಮೆ ಇಲ್ಲ ನಿಮ್ಮ ಕಾಲದವರಿಗೆ. ಪೆರುಮಾಳ್ ಹೆಂಗೆ ಕಾಯ್ತಿದ್ರು, ತೇಜಸ್ವಿ ಒಂದೊಂದು ಹಕ್ಕಿಗೆ ಹೆಂಗೆ ಕಾಯ್ತಿದ್ರು!"

"ಅವರಿಗೆ ವಾಪಸ್ ಬರೋಕೆ ಕೊನೇ ಬಸ್ಸಿನ ಚಿಂತೆ ಇರಲಿಲ್ಲ ಸಾರ್."

ಟಿ.ಎನ್.ಎ. ಪೆರುಮಾಳ್ ಹೆಸರು ಬಂದಾಗಲೆಲ್ಲ ಸಾಹೇಬರು ಎಡಗೈಯಿಂದ ಕಿವಿ ಮುಟ್ಟಿಕೊಳ್ಳುತ್ತಾರೆ. 2017ರಲ್ಲಿ ತೀರಿಕೊಂಡ ಆ ಹಿರಿಯರು ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರು ಮಾಡಿದ್ದಷ್ಟೇ ಅಲ್ಲ, ಕಿರಿಯರ ಚಿತ್ರಗಳನ್ನು ನೋಡಿ ತಿದ್ದಿ ಬೆಳೆಸಿದವರು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕಡೆ ಹೊಸಬರು ಕಲಿತದ್ದು ಹೀಗೆ ಹಿರಿಯರ ಕಣ್ಣಿನ ಕೆಳಗೇ. ಸಾಹೇಬರೂ ಆ ಪರಂಪರೆಗೆ ಸೇರಿದವರೆಂದು ಅವರೇ ನಂಬಿದ್ದಾರೆ. ಕಿವಿ ಮುಟ್ಟಿಕೊಳ್ಳುವುದು ಕಲಿತಿದ್ದಾರೆ, ತಿದ್ದುವುದು ಬಾಕಿಯಿದೆ.

ಹಾಗಾದರೆ ಸಾಹೇಬರು ತೆಗೆದ ಚಿತ್ರ ಯಾವುದೂ ಇಲ್ಲವೆ? ಇದೆ, ಒಂದೇ ಒಂದು. ಯಾರದೋ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಎರವಲು ಪಡೆದು, ಹೊನ್ನಾಳಿಯಲ್ಲಿ ತುಂಬಿ ಹರಿಯುವ ತುಂಗಭದ್ರೆಯನ್ನು ಹಿಡಿದದ್ದು. "ರೋಲಿಗೆ ಹನ್ನೆರಡೇ ಫೋಟೋ ಆಗೆಲ್ಲ. ಒಂದೊಂದಕ್ಕೂ ಉಸಿರು ಬಿಗಿಹಿಡೀತಿದ್ವಿ" ಎನ್ನುತ್ತಾರೆ. ಅವರ ಮನೆಯ ಪಡಸಾಲೆಯಲ್ಲಿ ಗಾಜಿನ ಕಟ್ಟಿನೊಳಗೆ ಇಂದಿಗೂ ಇರುವ ಆ ಚಿತ್ರದಲ್ಲಿ ಆಚೆ ದಡ ಸುಮಾರು ಹದಿನೈದು ಡಿಗ್ರಿ ಓರೆಯಾಗಿದೆ. ಹುಡುಗನೊಬ್ಬ ಕತ್ತು ವಾಲಿಸಿ ನೋಡುತ್ತಿದ್ದುದನ್ನು ಕಂಡು ಸಾಹೇಬರು ಗಂಭೀರವಾಗಿ ಹೇಳಿದರು: "ಆವತ್ತು ಪ್ರವಾಹ ಇತ್ತಪ್ಪ. ನೀರು ಆ ಕಡೆಗೇ ಇಳೀತಿತ್ತು."

ಇಂಥ ಸಾಹೇಬರ ಬಾಯಿಂದ ಒಮ್ಮೆ ಉಪಯೋಗದ ಮಾತು ಬಂತು. ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೆ ಎಲ್ಲೆಲ್ಲಿಯ ತಾಂಡಾಗಳಿಂದಲೋ ಬಂಜಾರರು ಬಂದು ಸೇರುತ್ತಾರೆ. ಕನ್ನಡಿ ಚೂರು ಹೊಲಿದ ಬಟ್ಟೆ ಬಿಸಿಲಿಗೆ ಮಿಂಚುತ್ತಿರುತ್ತದೆ, ಕ್ಯಾಮೆರಾ ಇದ್ದವರಿಗೆಲ್ಲ ಸುಗ್ಗಿ. ಹುಡುಗನೊಬ್ಬ ಅಲ್ಲಿ ಮಕ್ಕಳ ಚಿತ್ರಗಳನ್ನು ರಾಶಿ ತೆಗೆದು ತಂದಿದ್ದ. ಆ ಸಂಜೆ ಸಾಹೇಬರಿಗೆ ದವಡೆ ಹಲ್ಲಿನ ನೋವು. ಕೆನ್ನೆ ಊದಿ ಬಾಯಿ ಬಿಡಲಾಗುತ್ತಿರಲಿಲ್ಲ. ಮಿರ್ಚಿ ಇಲ್ಲದ್ದರಿಂದ ಬೆರಳಲ್ಲಿ ಎಣ್ಣೆ ಇರಲಿಲ್ಲ, ಮಾತಾಡಲಾಗದ್ದರಿಂದ ನೋಡುವುದೊಂದೇ ಕೆಲಸ. ಒಂದೊಂದನ್ನೂ ನೋಡಿದರು. ಎಲ್ಲ ಮಕ್ಕಳದೂ ನೆತ್ತಿಯೇ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕೊನೆಗೆ ಕೆನ್ನೆ ಒತ್ತಿಹಿಡಿದು ಎರಡೇ ಪದ ಆಡಿದರು: "ಕೂತು ತೆಗಿ."

ಮಾರನೆಯ ದಿನ ಹುಡುಗ ಜಾತ್ರೆಯ ಧೂಳಿನಲ್ಲಿ ಕುಕ್ಕರುಗಾಲಲ್ಲಿ ಕೂತು ತೆಗೆದ. ಕ್ಯಾಮೆರಾ ಮಕ್ಕಳ ಕಣ್ಣಿನ ಮಟ್ಟಕ್ಕೆ ಇಳಿಯಿತು, ಮಕ್ಕಳು ನೇರ ಅವನನ್ನೇ ನೋಡಿ ನಕ್ಕವು. ಕ್ಯಾಮೆರಾ ಅದೇ, ಹುಡುಗನೂ ಅವನೇ, ಚಿತ್ರ ಮಾತ್ರ ಬೇರೆ. ಹಲ್ಲುನೋವು ವಾಸಿಯಾದ ಮೇಲೆ ಅವೇ ಚಿತ್ರಗಳನ್ನು ನೋಡಿದ ಸಾಹೇಬರು, "ಚೆನ್ನಾಗೈತೆ, ಆದ್ರೆ ಸ್ವಲ್ಪ ಎಡಕ್ಕೆ..." ಎಂದು ಶುರು ಮಾಡಿದರೆನ್ನಿ.

ಎರಡೇ ಮಾತಿನಲ್ಲಿ ಉಪಯೋಗದ್ದನ್ನು ಹೇಳುವ ಈ ವಿದ್ಯೆಯನ್ನು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುವ ಸ್ಟುಡಿಯೋದವರು ಯಾರಿಂದಲೂ ಕಲಿಯದೆ ಬಲ್ಲರು. ಪಿಂಚಣಿ ಕಾಗದಕ್ಕೆಂದು ಸಾಹೇಬರು ಹೋಗಿ ಸ್ಟೂಲಿನ ಮೇಲೆ ಕೂತರೆ, ಅವರಿಂದ ದಿನಾ ಬೈಸಿಕೊಳ್ಳುವ ಸ್ಟುಡಿಯೋದ ಹುಡುಗ ಹೇಳುವುದು ಇಷ್ಟೇ: "ಗದ್ದ ಸ್ವಲ್ಪ ಕೆಳಗೆ. ಭುಜ ನೇರ. ಇಲ್ಲಿ ನೋಡಿ." ಸಾಹೇಬರು ತುಟಿ ಪಿಟಕ್ಕೆನ್ನದೆ ಪಾಲಿಸುತ್ತಾರೆ. ಯಾಕೆಂದರೆ ಆ ಮಾತು ಫೋಟೋ ತೆಗೆಯುವ ಮೊದಲೇ ಬರುತ್ತದೆ, ಕೂತಲ್ಲೇ ಮಾಡಲು ಬರುತ್ತದೆ.

ಇಷ್ಟಾಗಿಯೂ ಹುಡುಗರು ಸಂಜೆಯಾದರೆ ಅದೇ ಬೆಂಚಿಗೆ ಹೋಗುತ್ತಾರೆ. ಫೋನಿನಲ್ಲಿ ಹೆಬ್ಬೆರಳ ಗುರುತು ಒತ್ತಿ ಮುಂದಕ್ಕೆ ಸರಿಯುವ ನೂರು ಮಂದಿಗಿಂತ, ತಪ್ಪು ಹುಡುಕುವುದಕ್ಕಾದರೂ ಹತ್ತು ನಿಮಿಷ ನಮ್ಮ ಚಿತ್ರವನ್ನು ದಿಟ್ಟಿಸುವ ಒಬ್ಬರು ವಾಸಿ. ಸಾಹೇಬರ ದೊಡ್ಡಗುಣ ಅವರ ಕಣ್ಣು. ತೊಂದರೆಯೆಲ್ಲ ಅದರ ಕೆಳಗಿರುವ ಬಾಯಿಯದು.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ಯಾರಾದರೂ ಹೊಸಬರು ತಾವು ತೆಗೆದ ಫೋಟೋ ತೋರಿಸಿದರೆ ಸಾಹೇಬರ ಹಾಗೆ ಸಾವಕಾಶವಾಗಿ ನೋಡಿ, ಸ್ಟುಡಿಯೋ ಹುಡುಗನ ಹಾಗೆ ಚುಟುಕಾಗಿ ಹೇಳಿ. ಹೇಳುವುದು ಒಂದೇ ಇರಲಿ, ಅವರು ನಾಳೆಯೇ ಮಾಡಬಹುದಾದದ್ದಾಗಿರಲಿ. ಫೋನು ಇಸಿದುಕೊಳ್ಳುವ ಮೊದಲು ಕೈ ಒರೆಸಿಕೊಳ್ಳುವುದನ್ನೂ ಮರೆಯಬೇಡಿ.